ನಡುಗದ ಬೆಳಕು

ಶಿರಾ ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕ್ ಹಿಡಿದು ಕೂರುತ್ತಿದ್ದ ರಾಮಾಂಜಿನಪ್ಪನ ದನಿಯನ್ನು ಆ ಊರಿನಲ್ಲಿ ಕೇಳದವರಿರಲಿಲ್ಲ. ಹಿರಿಯೂರಿನ ಬಸ್ಸು ಯಾವ ಅಂಕಣದಲ್ಲಿದೆ, ಪಾವಗಡದ ಬಸ್ಸು ಯಾಕೆ ತಡ, ಕೈತಪ್ಪಿಹೋದ ಮಗು ಯಾರ ಮಡಿಲಲ್ಲಿ ಅಳುತ್ತಾ ಕೂತಿದೆ ಎನ್ನುವುದನ್ನೆಲ್ಲ ಅವನು ಒಂದೇ ಹದದಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿಟ್ಟು ಹೇಳುತ್ತಿದ್ದ. ಅವಸರದಲ್ಲಿದ್ದವರು ಕೂಡ ಅವನ ಮಾತು ಮುಗಿಯುವ ತನಕ ನಿಂತು ಕೇಳುತ್ತಿದ್ದರು.

ಹಾಗೆ ನಿಂತು ಕೇಳಿದವರಲ್ಲಿ ವನಮಾಲಾ ಒಬ್ಬಳು. ಶ್ರೀರಂಗಪಟ್ಟಣದ ಕಡೆಯ ಹುಡುಗಿ. ಭೌತಶಾಸ್ತ್ರ ಓದಿ, ಶಿರಾದಾಚೆಯ ಬಯಲಿನಲ್ಲಿ ಆಗಷ್ಟೇ ಏಳುತ್ತಿದ್ದ, ಎಲ್ಲರೂ ಉಂಗುರ ಎನ್ನುತ್ತಿದ್ದ ಪ್ರಯೋಗಾಲಯಕ್ಕೆ ಕೆಲಸಕ್ಕೆಂದು ಬಂದಿದ್ದಳು. ಕೆಲಸದ ಬಸ್ಸಿಗೆ ಕಾಯುತ್ತ ದಿನವೂ ಆ ದನಿ ಕೇಳುತ್ತಿದ್ದಳು. ಮುಖ ನೋಡುವ ಮೊದಲೇ ದನಿ ಅವಳ ಒಳಗೆ ಜಾಗ ಹಿಡಿದಿತ್ತು. ಒಂದು ದಿನ, ಗೊತ್ತಿದ್ದ ಬಸ್ಸನ್ನೇ ಗೊತ್ತಿಲ್ಲವೆಂಬಂತೆ ಕೇಳುವ ನೆಪ ಮಾಡಿಕೊಂಡು ಗಾಜಿನ ಕಿಂಡಿಯ ಮುಂದೆ ಹೋಗಿ ನಿಂತಳು. ಸಣಕಲು ಮೈಯ, ದೊಡ್ಡ ಕಿವಿಯ ಒಬ್ಬ ಯುವಕ ತಲೆ ಎತ್ತಿ, "ನಿಮ್ಮ ಬಸ್ಸು ಅಲ್ಲೇ ನಿಂತಿದೆಯಲ್ಲ ಮೇಡಂ, ದಿನಾ ಅದರಲ್ಲೇ ಹೋಗ್ತೀರಲ್ಲ" ಎಂದ. ಅವನೂ ನೋಡುತ್ತಿದ್ದನೆಂದು ಅವಳಿಗೆ ಆಗ ಗೊತ್ತಾಯಿತು.

ರಾಮಾಂಜಿನಪ್ಪನದು ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮದುವೆಯಾದ ಮೇಲೆ ಆ ತೆಲುಗು ಅವನ ಅಕ್ಕ ಅಲಿವೇಲಮ್ಮನ ಫೋನು ಬಂದಾಗ ಮಾತ್ರ ಹೊರಬರುತ್ತಿತ್ತು. ವನಮಾಲಾ ಅದನ್ನು ಕಲಿಯಲಿಲ್ಲ. ಕಲಿಯುವ ಅಗತ್ಯ ಬೀಳಲಿಲ್ಲ. ಮಕ್ಕಳಿಲ್ಲದ ಆ ಮನೆ ಅವರಿಬ್ಬರ ಕನ್ನಡದಿಂದಲೇ ತುಂಬಿಹೋಗಿತ್ತು.

ಅವನು ನಿವೃತ್ತನಾದ ಮರುವರ್ಷ, ಒಂದು ಬೆಳಿಗ್ಗೆ ಅವಳಿಗೆಂದು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ ರಾಮಾಂಜಿನಪ್ಪನ ವಾಕ್ಯ ನಡುವೆಯೇ ನಿಂತುಹೋಯಿತು. ವನಮಾಲಾ ಒಲೆಯ ಮುಂದಿನಿಂದ, "ಆಮೇಲೆ ಏನಂತೆ ರೀ?" ಎಂದಳು. ಹೊರಗೆ ಬಂದು ನೋಡಿದರೆ ಅವನು ಕುರ್ಚಿಯಲ್ಲಿ ವಾಲಿದ್ದ, ಪೇಪರು ಬಲಗೈಯಿಂದ ಜಾರುತ್ತಿತ್ತು.

ಲಕ್ವ ಹೊಡೆದಿತ್ತು. ಜೀವಕ್ಕೆ ಅಪಾಯವಾಗಲಿಲ್ಲ. ಕಾಲು ಸರಿಯಾಯಿತು, ಬಲಗೈ ಅರ್ಧ ಸರಿಯಾಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಮಾತು ಮಾತ್ರ ಹೋಯಿತು. ಬಾಯಿ ತೆರೆದರೆ "ತ್ತ... ತ್ತ..." ಎನ್ನುವ ಒಂದು ಸದ್ದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಮೊದಮೊದಲು ವನಮಾಲಾ ಅವನ ಪಾಲಿನದನ್ನೂ ತಾನೇ ಆಡಿದಳು. "ಉಪ್ಪು ಕಮ್ಮಿ ಆಯ್ತಾ? ಅಲ್ವಾ? ಹುಳಿ ಜಾಸ್ತಿನಾ? ಫ್ಯಾನು ಹಾಕ್ಲಾ? ಅದೂ ಅಲ್ವಾ?" ಅವನು ತಲೆಯಾಡಿಸಿ ಆಡಿಸಿ ಸೋತು, ಒಂದು ದಿನ ಎಡಗೈಯನ್ನು ಚಾಚಿ ಅವಳ ಬಾಯಿಯ ಮೇಲೆ ಮೆಲ್ಲಗೆ ಇಟ್ಟ. ಸಿಟ್ಟಿನಿಂದಲ್ಲ. ಸ್ವಲ್ಪ ಹೊತ್ತು ಸುಮ್ಮನಿರು ಎನ್ನುವಂತೆ. ಆಮೇಲೆ ಅವರು ಊಟ ಮುಗಿಯುವ ತನಕ ಸುಮ್ಮನೆ ಕೂತರು. ಬೇಕಾಗಿದ್ದದ್ದು ಮಜ್ಜಿಗೆ ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಅವನು ಕೈ ತೊಳೆದಾಗಿತ್ತು.

*

ಉಂಗುರವೆಂದರೆ ಬಯಲಿನ ನಡುವೆ ಬಳೆಯಂತೆ ದುಂಡಗೆ ಕಟ್ಟಿದ ದೊಡ್ಡ ಕಟ್ಟಡ. ಅದರೊಳಗೆ, ಗಾಳಿಯನ್ನೆಲ್ಲ ಹೀರಿ ತೆಗೆದ ಒಂದು ಸಣ್ಣ ಲೋಹದ ಕೊಳವೆ ಸುತ್ತಿ ಬಂದು ತನ್ನನ್ನೇ ಸೇರುತ್ತದೆ. ಆ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಗೊಂಚಲು ಗೊಂಚಲಾಗಿ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತವೆ. ಕಾಂತಗಳು ಅವುಗಳ ದಾರಿಯನ್ನು ಬಾಗಿಸುತ್ತವೆ. ಬಾಗಿದಲ್ಲೆಲ್ಲ ಅವು ಬೆಳಕು ಚೆಲ್ಲುತ್ತವೆ. ಕಣ್ಣಿಗೆ ಕಾಣದ, ಮೂಳೆಯನ್ನೂ ದಾಟಿ ಹೋಗುವ ಎಕ್ಸ್-ಕಿರಣದ ಬೆಳಕು.

ಎಲೆಕ್ಟ್ರಾನು ಹೆಚ್ಚು ತುಂಬಿದಷ್ಟೂ ಬೆಳಕು ಹೆಚ್ಚು. ಆದರೆ ತುಂಬಿದಷ್ಟೂ ಅವುಗಳ ಪುಂಡಾಟವೂ ಹೆಚ್ಚು. ಮುಂದೆ ಓಡುವ ಗೊಂಚಲು ತನ್ನ ಹಿಂದೆ ವಿದ್ಯುತ್ತಿನ ಒಂದು ಅಲೆಯನ್ನು ಬಿಟ್ಟು ಹೋಗುತ್ತದೆ. ಹಿಂದಿನದು ಆ ಅಲೆಗೆ ಸಿಕ್ಕಿ ಪಕ್ಕಕ್ಕೆ ಓಲಾಡುತ್ತದೆ, ತನ್ನ ಹಿಂದಿನದನ್ನು ಇನ್ನಷ್ಟು ಓಲಾಡಿಸುತ್ತದೆ. ತೊಟ್ಟಿಲು ಸರಿಯಾಗಿ ಹಿಂದಕ್ಕೆ ಬಂದ ಗಳಿಗೆಯಲ್ಲೇ ಪ್ರತಿಸಲವೂ ಒಂದು ಬೆರಳಿನಿಂದ ತಳ್ಳಿದರೆ ಸಾಕು, ತೊಲೆಗೆ ಬಡಿಯುವಷ್ಟು ತೂಗುತ್ತದೆ. ಇದೂ ಹಾಗೆಯೇ. ಒಂದು ಮಟ್ಟದ ತನಕ ಆ ತೂಗಾಟ ತಾನಾಗಿ ಅಡಗುತ್ತದೆ. ಮಟ್ಟ ದಾಟಿದರೆ ಬೆಳೆಯುತ್ತಲೇ ಹೋಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಧಾರೆ ಕೊಳವೆಯ ಗೋಡೆಗೆ ಬಡಿದು ಇಲ್ಲವಾಗುತ್ತದೆ.

ವನಮಾಲಾ ತನ್ನ ಉದ್ಯೋಗದ ಆಯಸ್ಸನ್ನೆಲ್ಲ ಕಳೆದದ್ದು ಆ ಮಟ್ಟವನ್ನು ಮೇಲೆ ಮೇಲೆ ಎತ್ತುವುದರಲ್ಲಿ. ಓಲಾಟವನ್ನು ಗ್ರಹಿಸಿ ಅದರ ವಿರುದ್ಧ ದಿಕ್ಕಿಗೆ ಚಿಟಿಕೆಯಷ್ಟು ತಳ್ಳುವ ಯಂತ್ರವೊಂದಿತ್ತು, ಫೀಡ್‌ಬ್ಯಾಕ್ ಎನ್ನುತ್ತಿದ್ದರು. ಅದನ್ನು ಕಟ್ಟಿ ಪಳಗಿಸಿದವರಲ್ಲಿ ಅವಳೇ ಹಿರಿಯಳು. ಮಾತಿದ್ದ ಕಾಲದಲ್ಲಿ ಗಂಡ ಕೇಳಿದ್ದ, "ನಿನ್ನ ಕೆಲಸ ಏನು ಅಂತ ಒಂದೇ ಮಾತಲ್ಲಿ ಹೇಳು ನೋಡೋಣ." ಅವಳು, "ಎಲ್ಲರೂ ತೊಟ್ಟಿಲು ತೂಗ್ತಾರೆ, ನಾನು ತೂಗದ ಹಾಗೆ ಕಾಯ್ತೀನಿ" ಎಂದಿದ್ದಳು.

ಉಂಗುರದ ಒಂದು ಮಗ್ಗುಲಿಗೆ ಆಸ್ಪತ್ರೆ ಅಂಟಿಕೊಂಡಿತ್ತು. ಕೆಲವು ವರ್ಷಗಳ ಹಿಂದೆ ಮಿದುಳಿನ ವೈದ್ಯರು ಒಂದು ದ್ರವವನ್ನು ಕಂಡುಹಿಡಿದಿದ್ದರು. ಲಕ್ವ ಹೊಡೆದ ಮೇಲೂ ಸಾಯದೆ, ಆದರೆ ಕೆಲಸವನ್ನೂ ಮಾಡದೆ ಮಲಗಿಬಿಟ್ಟ ನರದ ಎಳೆಗಳಿಗೆ ಅದು ಹೋಗಿ ಅಂಟಿಕೊಳ್ಳುತ್ತದೆ. ಅಂಥ ಎಳೆಯ ಮೇಲೆ ಕೂದಲಿಗಿಂತ ಸಣ್ಣ ಎಕ್ಸ್-ಕಿರಣವನ್ನು ಗುರಿಯಿಟ್ಟು ಬಿಟ್ಟರೆ ದ್ರವ ಕೆರಳುತ್ತದೆ, ಎಳೆ ಮತ್ತೆ ಚಿಗುರುತ್ತದೆ. ಕಿರಣ ಒಂದಿಷ್ಟೂ ಅಲುಗಬಾರದು. ಅಲುಗಿದರೆ ಪಕ್ಕದ ಚೆನ್ನಾಗಿರುವ ಎಳೆ ಸುಟ್ಟುಹೋಗುತ್ತದೆ. ಇನ್ನೂ ಒಂದು ಕಷ್ಟವಿತ್ತು. ದ್ರವವನ್ನು ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಕೊಡಬಹುದು. ಎರಡನೇ ಸಲಕ್ಕೆ ಮೈ ಅದನ್ನು ವಿಷವೆಂದು ತಿರಸ್ಕರಿಸುತ್ತದೆ. ಕೊಟ್ಟ ಮೇಲೆ ಒಂದೆರಡು ಗಂಟೆಯೊಳಗೆ ಕೆಲಸ ಮುಗಿಯಬೇಕು, ಅಷ್ಟರಲ್ಲಿ ಅದು ಇಳಿದುಹೋಗುತ್ತದೆ.

ಬೇರೆಯವರ ಗಂಡಂದಿರಿಗೆ, ಬೇರೆಯವರ ತಾಯಂದಿರಿಗೆ ಬೇಕಾದ ಬೆಳಕನ್ನು ವನಮಾಲಾ ಎಷ್ಟೋ ಸಲ ಕಾದು ಕೊಟ್ಟಿದ್ದಳು. ಈಗ ಸರದಿ ಅವಳ ಮನೆಯದು.

*

ಮೊದಲು ಎಳೆಗಳನ್ನು ಗುರುತಿಸಬೇಕಿತ್ತು. ಡಾಕ್ಟರ್ ಶಬೀನಾ ಎಂಬ ಮಿದುಳಿನ ವೈದ್ಯೆ ರಾಮಾಂಜಿನಪ್ಪನ ತಲೆಗೆ ಟೊಪ್ಪಿಗೆಯಂಥ ಸಾಧನ ತೊಡಿಸಿ, ಪಕ್ಕದ ಕೋಣೆಯಲ್ಲಿ ಹೆಂಡತಿಯನ್ನೂ ಅಕ್ಕನನ್ನೂ ಮೈಕಿನ ಮುಂದೆ ಕೂರಿಸಿದರು. ಅವರು ಮಾತಾಡಿದಾಗ ಅವನ ಮಿದುಳಿನಲ್ಲಿ ಯಾವ ಎಳೆ ಮಿಸುಕುತ್ತದೆ ಎಂದು ಪರದೆಯ ಮೇಲೆ ಕಾಣುತ್ತಿತ್ತು.

ಅಲಿವೇಲಮ್ಮ ತಮ್ಮನಿಗಿಂತ ಎಂಟು ವರ್ಷಕ್ಕೆ ದೊಡ್ಡವಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನೀರು, ಅನ್ನ, ಬಾಗಿಲು ಎಂದು ತೆಲುಗಿನಲ್ಲಿ ಒಂದೊಂದೇ ಪದ ಹೇಳಿ ಎಂದರೆ ಅವಳು ಎರಡು ಪದ ಹೇಳಿ ಬೇಸತ್ತು, ಸೊರಗಿಹೋಗಿದ್ದಕ್ಕೆ ತಮ್ಮನನ್ನು ತೆಲುಗಿನಲ್ಲಿ ಬೈಯಲು ಶುರುಮಾಡಿದಳು. ಪರದೆಯ ಆಳದಲ್ಲಿ ಕೆಲವೇ ಕೆಲವು ದಪ್ಪ ಎಳೆಗಳು ಕೆಂಪಗೆ ಮಿನುಗಿದವು.

"ಹೀಗೇ, ಹೀಗೇ ಬೈತಾ ಇರಿ ಅಮ್ಮಾ" ಎಂದರು ಡಾಕ್ಟರ್.

ವನಮಾಲಾ ಕೊಟ್ಟ ಪದಗಳನ್ನು ಶ್ರದ್ಧೆಯಿಂದ ಓದಿದಳು. ಪರದೆಯಲ್ಲಿ ಏನೂ ಹೆಚ್ಚಾಗಿ ಕಾಣಲಿಲ್ಲ.

"ಪಾಠ ಓದಿದ ಹಾಗೆ ಬೇಡ ಮೇಡಂ. ಮನೇಲಿ ಹೇಗೆ ಮಾತಾಡ್ತೀರೋ ಹಾಗೆ."

ವನಮಾಲಾ ಕಣ್ಣುಮುಚ್ಚಿ, "ರೀ, ಹಾಲು ಉಕ್ತಾ ಇದೆ. ಪಕ್ಕದಲ್ಲೇ ಕೂತಿದ್ದೀರ, ಒಂಚೂರು ನೋಡಬಾರ್ದಾ?" ಎಂದಳು. ಗಾಜಿನಾಚೆ ಗಂಡನ ತುಟಿ ನಗುವಿನಿಂದ ಕೊಂಕಿತು. ಪರದೆಯ ತುಂಬ ಸಣ್ಣ ಸಣ್ಣ ಎಳೆಗಳು, ಬಲೆ ಹರಡಿದಂತೆ ಹೊತ್ತಿಕೊಂಡವು.

ಡಾಕ್ಟರ್ ಇಬ್ಬರಿಗೂ ವಿವರಿಸಿದರು. "ಮನೆಮಾತಿನ, ಅಂದ್ರೆ ತೆಲುಗಿನ ಎಳೆಗಳು ಕಮ್ಮಿ, ಆದರೆ ದಪ್ಪ. ಬೇಗ ಮುಗಿಯುತ್ತೆ. ಕನ್ನಡದ್ದು ಬಹಳ ಇದೆ, ತುಂಬಾ ತೆಳು. ಅಷ್ಟನ್ನೂ ದ್ರವ ಇಳಿಯೋದ್ರೊಳಗೆ ಮುಗಿಸಬೇಕು ಅಂದ್ರೆ ಉಂಗುರದ ಪೂರ್ತಿ ಬೆಳಕು ಬೇಕು. ಪೂರ್ತಿ ಬೆಳಕು ಸಿಕ್ಕರೆ ಎರಡೂ ಆಗುತ್ತೆ."

"ಸಿಗುತ್ತೆ" ಎಂದಳು ವನಮಾಲಾ. ಆ ಬೆಳಕನ್ನು ಅವಳು ಬಲ್ಲಳು.

*

ಚೈತ್ರದ ಬಿಸಿಲು ಕಾದು ಬಯಲು ಬೆಳ್ಳಗೆ ಹೊಳೆಯುತ್ತಿದ್ದ ದಿನ ಅದು. ಮನೆಯವರ ಚಿಕಿತ್ಸೆಯಿದ್ದಾಗ ನಿಯಂತ್ರಣ ಕೋಣೆಯಲ್ಲಿ ಕೂರಬಾರದೆನ್ನುವುದು ಉಂಗುರದ ನಿಯಮ. ವನಮಾಲಾ ಆಸ್ಪತ್ರೆಯ ಓಣಿಯಲ್ಲಿ ಅಲಿವೇಲಮ್ಮನ ಪಕ್ಕ ಬೆಂಚಿನ ಮೇಲೆ ಕೂತಿದ್ದಳು. ಚಿಕಿತ್ಸೆಯ ಕೋಣೆಯ ಬಾಗಿಲ ಮೇಲೆ ಹಸಿರು ದೀಪ ಹತ್ತಿತು. ಧಾರೆ ಸ್ಥಿರವಾಗಿದೆ ಎಂದರ್ಥ. ಒಳಗೆ ರಾಮಾಂಜಿನಪ್ಪನ ತಲೆಯನ್ನು ಅಲುಗದಂತೆ ಬಿಗಿದು, ದ್ರವ ಏರಿಸಿ ಆಗಿತ್ತು.

ಅಲಿವೇಲಮ್ಮ ಎಲೆಗೆ ಸುಣ್ಣ ಸವರುತ್ತ, "ನೋವಾಗ್ತದೇನಮ್ಮಾ ಅವನಿಗೆ?" ಎಂದಳು.

"ಇಲ್ಲ ಅಲಿವೇಲಕ್ಕ. ಬೆಳಕು ಬಿದ್ದಿದ್ದು ಗೊತ್ತೇ ಆಗಲ್ಲ."

ಮಾತು ಮುಗಿಯುವ ಮೊದಲೇ ಹಸಿರು ದೀಪ ಹಳದಿಯಾಯಿತು. ಕಿರಣ ನಿಂತಿತ್ತು. ವನಮಾಲಾಳ ಫೋನು ಬಡಿದುಕೊಂಡಿತು. ಆ ಹೊತ್ತಿನ ಉಸ್ತುವಾರಿಯಲ್ಲಿದ್ದ ಕೇಶವಮೂರ್ತಿ, ಅವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದವನು. "ವನಮಾಲಾ, ನಿಯಮ ಆಮೇಲೆ ನೋಡ್ಕೊಳ್ಳೋಣ. ಬೇಗ ಬಾ."

ಅವಳು ಹೋಗಿ ನೋಡಿದಾಗ ಧಾರೆ ಇನ್ನೂ ಓಡುತ್ತಿತ್ತು, ಆದರೆ ಪರದೆಯ ಮೇಲೆ ನೆಟ್ಟಗಿರಬೇಕಾದ ಗೆರೆಯ ಅಕ್ಕಪಕ್ಕ ಎರಡು ಸಣ್ಣ ಮೊಳಕೆಗಳು ಎದ್ದಿದ್ದವು. ಗೊಂಚಲುಗಳು ಒಟ್ಟಾಗಿ ಓಲಾಡುತ್ತಿವೆ ಎನ್ನುವುದರ ಗುರುತು ಅದು.

"ಏನಾಯ್ತು?"

"ನೀರು ತಂಪು ಮಾಡೋ ಯಂತ್ರ ಒಂದು ಬಿಸಿಲಿಗೆ ಕೈಕೊಡ್ತು. ಮೂರನೇ ಪೆಟ್ಟಿಗೆ ಬಿಸಿಯಾಗಿದೆ."

ಓಡುವ ಎಲೆಕ್ಟ್ರಾನುಗಳಿಗೆ ಸುತ್ತಿಗೊಮ್ಮೆ ಶಕ್ತಿ ತುಂಬುವ ತಾಮ್ರದ ಪೆಟ್ಟಿಗೆಗಳಿದ್ದವು. ಬಿಂದಿಗೆಯನ್ನು ಬಡಿದರೆ ಅದಕ್ಕೆ ಅದರದೇ ಒಂದು ನಾದ ಇರುವಂತೆ, ಪೆಟ್ಟಿಗೆಗೂ ತನ್ನದೇ ನಾದಗಳಿರುತ್ತವೆ. ಬಿಸಿಗೆ ತಾಮ್ರ ಕೂದಲೆಳೆಯಷ್ಟು ಹಿಗ್ಗಿತ್ತು, ನಾದ ಸ್ವಲ್ಪ ಸರಿದಿತ್ತು, ಸರಿದದ್ದು ಗೊಂಚಲುಗಳ ಓಲಾಟಕ್ಕೆ ತಾಳ ಹಾಕಿದಂತೆ ಹೊಂದಿಕೊಂಡುಬಿಟ್ಟಿತ್ತು. ತೊಟ್ಟಿಲನ್ನು ಸರಿಯಾದ ಗಳಿಗೆಯಲ್ಲಿ ತಳ್ಳುವ ಬೆರಳು ಸಿಕ್ಕಿತ್ತು.

"ತಂಪಾಗೋಕೆ ಎಷ್ಟು ಹೊತ್ತು?"

"ಸಂಜೆ ಆಗುತ್ತೆ."

ಸಂಜೆಯ ಹೊತ್ತಿಗೆ ರಾಮಾಂಜಿನಪ್ಪನ ಮೈಯಲ್ಲಿ ದ್ರವದ ಹನಿಯೂ ಉಳಿದಿರುವುದಿಲ್ಲ.

"ಫೀಡ್‌ಬ್ಯಾಕ್ ಇನ್ನೂ ಸ್ವಲ್ಪ ಏರಿಸಿ ನೋಡೋಣ" ಎಂದಳು ವನಮಾಲಾ.

ಕೇಶವಮೂರ್ತಿ ಅವಳ ಮುಖ ನೋಡಿದ. ಬೇರೆ ಯಾವ ದಿನವಾದರೂ ಅವಳು ಆ ಮಾತು ಆಡುತ್ತಿರಲಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಆದರೂ ಏರಿಸಿದ. ಮೊಳಕೆಗಳು ಒಂದು ಕ್ಷಣ ತಗ್ಗಿದವು. ವನಮಾಲಾಳ ಎದೆ ಹಗುರಾಯಿತು. ಮರುಕ್ಷಣವೇ ನಡುವಿನ ಗೆರೆ ತಾನೇ ಒರಟಾಗಿ ದಪ್ಪವಾಗತೊಡಗಿತು. ಮಿತಿ ಮೀರಿದ ಫೀಡ್‌ಬ್ಯಾಕ್ ಈಗ ಧಾರೆಯನ್ನು ಸಂತೈಸುವುದು ಬಿಟ್ಟು ತಾನೇ ಪೀಡಿಸುತ್ತಿತ್ತು. ಬೆಳಕು ಇತ್ತು, ಬೇಕಾದಷ್ಟು ಇತ್ತು, ಆದರೆ ನಡುಗುತ್ತಿತ್ತು.

ಅವಳು ಅದನ್ನೇ ನೋಡುತ್ತ ನಿಂತಳು. ಇದೇ ಬೆಳಕಿನಲ್ಲಿ ಮುಂದುವರಿಸಿ ಎಂದರೆ ಡಾಕ್ಟರ್ ನಂಬುತ್ತಾರೆ. ಉಂಗುರದ ವಿಷಯದಲ್ಲಿ ಅವಳ ಮಾತಿಗೆ ಎದುರಿಲ್ಲ. ಏನೂ ಆಗದೆ ಹೋಗಲೂಬಹುದು. ನಾಳೆ ನಾಡಿದ್ದು ಅವನು "ವನಮಾಲಾ" ಎನ್ನಬಹುದು. ಹಾಗೆನ್ನುವ ದನಿ ಹೇಗಿತ್ತೆನ್ನುವುದು ಈಚೆಗೆ ಅವಳ ನೆನಪಿನಿಂದ ಜಾರುತ್ತಿತ್ತು. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ ಅದನ್ನು ಹಿಡಿದಿಟ್ಟುಕೊಳ್ಳಲು ಹೆಣಗುತ್ತಿದ್ದಳು. ಆ ದನಿಗಾಗಿ ಅವಳು ಏನನ್ನಾದರೂ ಕೊಡುತ್ತಿದ್ದಳು. ಆದರೆ ಕೊಡಬೇಕಾದದ್ದು ಅವನ ತಲೆಯೊಳಗಿನ ಚೆನ್ನಾಗಿರುವ ಎಳೆಗಳನ್ನು.

"ಇಳಿಸು ಕೇಶವ" ಎಂದಳು. "ಫೀಡ್‌ಬ್ಯಾಕೂ ಇಳಿಸು, ಧಾರೆನೂ ಇಳಿಸು. ಎಲ್ಲಿ ತಾನಾಗಿ ಅಡಗುತ್ತೋ ಅಲ್ಲಿ ತನಕ."

ಹೊಸ ಎಲೆಕ್ಟ್ರಾನು ತುಂಬುವುದನ್ನು ನಿಲ್ಲಿಸಿ, ಇದ್ದದ್ದನ್ನು ಅಂಚಿನಿಂದ ತುಸುತುಸುವೇ ಕೆರೆದು ತೆಗೆದರು. ಮೊಳಕೆಗಳು ಕುಗ್ಗಿದವು. ಒಂದು ಹಂತದಲ್ಲಿ ಎರಡೂ ಪೂರ್ತಿ ಅಳಿಸಿಹೋಗಿ ನಡುವಿನ ಗೆರೆ ಸೂಜಿಯಂತೆ ನಿಂತಿತು.

ವನಮಾಲಾ ಡಾಕ್ಟರರಿಗೆ ಫೋನು ಮಾಡಿದಳು. "ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಬೆಳಕು ಕೊಡ್ತೀನಿ. ಆದರೆ ಕದಲಲ್ಲ. ಅದಕ್ಕೆ ನಾನು ಜವಾಬ್ದಾರಿ."

ಆ ಕಡೆ ಡಾಕ್ಟರ್ ಶಬೀನಾ ಎಳೆಗಳ ಲೆಕ್ಕ ಹಾಕಿದರು. "ಹಾಗಾದರೆ ಎರಡೂ ಆಗಲ್ಲ ಮೇಡಂ. ಮನೆಮಾತಿನ ಎಳೆಗಳು ಖಂಡಿತ ಮುಗಿಯುತ್ತೆ. ಕನ್ನಡ ಹಿಡಿದರೆ ಕಾಲು ಭಾಗ ಆಗಬಹುದು, ಅದು ಉಪಯೋಗಕ್ಕೆ ಬರುತ್ತೋ ಇಲ್ಲವೋ ಹೇಳೋಕಾಗಲ್ಲ. ನಾನು ಅವರನ್ನೇ ಕೇಳಬೇಕು. ಅವರಿಗೆ ಎಲ್ಲಾ ಅರ್ಥ ಆಗುತ್ತೆ."

"ಕೇಳಿ. ನನಗೂ ಕೇಳಿಸಲಿ."

ಕೋಣೆಯ ಮೈಕಿನಲ್ಲಿ ಡಾಕ್ಟರರ ದನಿ ನಿಧಾನವಾಗಿ, ಮಗುವಿಗೆ ಹೇಳುವಂತಲ್ಲದೆ ದೊಡ್ಡವರಿಗೆ ಹೇಳುವಂತೆ ಎಲ್ಲವನ್ನೂ ವಿವರಿಸಿತು. "ಮನೆಮಾತು ಅಂದರೆ ಎಡಗೈಯಲ್ಲಿ ಒಂದು ಬೆರಳು ಎತ್ತಿ ಸರ್. ಕನ್ನಡ ಅಂದರೆ ಎರಡು."

ಚಿಕಿತ್ಸೆಯ ಕೋಣೆಯನ್ನು ತೋರಿಸುವ ಇನ್ನೊಂದು ಪರದೆಯ ಮೂಲೆಯಲ್ಲಿ ರಾಮಾಂಜಿನಪ್ಪನ ಎಡಗೈ ಕಾಣುತ್ತಿತ್ತು. ಅವನು ಯೋಚಿಸಲೂ ಇಲ್ಲ. ಎರಡು ಬೆರಳು ನೆಟ್ಟಗೆ ಎದ್ದವು.

ಕೇಶವಮೂರ್ತಿ ಕುರ್ಚಿ ತಿರುಗಿಸಿಕೊಂಡು ಗೋಡೆಯ ಕಡೆ ಮುಖ ಮಾಡಿದ. ವನಮಾಲಾ ಸೆರಗಿನಿಂದ ಕಣ್ಣೊತ್ತಿಕೊಂಡು, "ಡಾಕ್ಟರ್, ನನಗೆ ಒಂದು ನಿಮಿಷ ಮೈಕ್ ಕೊಡ್ತೀರಾ?" ಎಂದಳು.

"ಮಾತಾಡಿ."

"ರೀ, ನಾನು." ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದಳು. "ತಲೆ ಅಲ್ಲಾಡಿಸಬೇಡಿ, ಸುಮ್ಮನೆ ಕೇಳಿ. ಎರಡು ಬೆರಳು ಯಾರಿಗೋಸ್ಕರ ಎತ್ತಿದ್ರಿ ಅಂತ ನನಗೆ ಗೊತ್ತು. ಆದರೆ ಅಷ್ಟು ಬೆಳಕು ಇವತ್ತು ನನ್ನ ಹತ್ರ ಇಲ್ಲ. ಇದೆ ಅಂತ ಸುಳ್ಳು ಹೇಳಬಹುದಿತ್ತು, ಈಗ ತಾನೇ ಒಂದ್ಸಲ ಹಾಗೆ ಮಾಡೋಕೂ ಹೋದೆ. ಅದು ನಡುಗೋ ಬೆಳಕು ರೀ. ನಡುಗೋ ಬೆಳಕನ್ನ ನಿಮ್ಮ ತಲೆಯೊಳಕ್ಕೆ ಬಿಡೋಕೆ ನನ್ನ ಕೈಲಾಗಲ್ಲ."

ಬೆರಳುಗಳು ಇಳಿಯಲಿಲ್ಲ.

"ಕನ್ನಡ ನೀವು ಆಡದೇ ಇದ್ದರೂ ಕೇಳ್ತೀರಲ್ಲ. ನಾನು ಆಡಿದ್ದು ನಿಮಗೆ ಅರ್ಥ ಆಗುತ್ತೆ. ನೀವು ಆಡಿದ್ದು ನನಗೆ ಅರ್ಥ ಆಗಬೇಕು, ಅಷ್ಟೇ ತಾನೇ ಬಾಕಿ? ಅದು ನನ್ನ ಪಾಲಿಗೆ ಬಿಡಿ. ನಾನು ಕಲೀತೀನಿ. ಗೊಂಚಲು ಗೊಂಚಲು ಎಲೆಕ್ಟ್ರಾನಿಗೆ ಬುದ್ಧಿ ಹೇಳಿದವಳು, ನಿಮ್ಮ ಊರಿನ ತೆಲುಗು ಕಲಿಯಲ್ವಾ? ನಿಮಗೆ ಒಂದಾದರೂ ಮಾತು ಪೂರ್ತಿಯಾಗಿ ಬರಲಿ. ಅರ್ಧಂಬರ್ಧ ನನಗೆ ಬೇಡ."

ಆಮೇಲೆ ಎರಡನೆಯ ಬೆರಳು ಮೆಲ್ಲಗೆ ಮಡಿಸಿಕೊಂಡಿತು.

ಬಾಗಿಲ ಮೇಲಿನ ದೀಪ ಮತ್ತೆ ಹಸಿರಾಯಿತು. ಕೆಲಸ ಮುಗಿಯುವ ತನಕ ವನಮಾಲಾ ಆ ಗೆರೆಯಿಂದ ಕಣ್ಣು ಕೀಳಲಿಲ್ಲ. ಒಮ್ಮೆಯೂ ಅದು ಅಲುಗಲಿಲ್ಲ.

ಓಣಿಗೆ ಬಂದು ನಡೆದದ್ದನ್ನು ಹೇಳಿದಾಗ ಅಲಿವೇಲಮ್ಮ ಬಾಯಲ್ಲಿದ್ದ ಎಲೆಯನ್ನು ಅಗಿಯುವುದು ಮರೆತು ಕೂತಳು. ತಮ್ಮ ತನ್ನ ಮಾತಿಗೆ ಮರಳುತ್ತಾನೆ ಎನ್ನುವ ಸಂತೋಷ ಅವಳ ಮುಖದಲ್ಲಿ ಎದ್ದು, ಅಲ್ಲೇ ನಾಚಿಕೊಂಡಂತೆ ತಗ್ಗಿತು. ವನಮಾಲಾಳ ಕೈ ಹಿಡಿದು, "ನಿನಗೇನು ಉಳೀತು ತಾಯೀ?" ಎಂದಳು.

*

ವಾರಗಳು ಕಳೆದವು. ಎಳೆ ಚಿಗುರಲು ಸಮಯ ಬೇಕೆಂದು ಡಾಕ್ಟರ್ ಹೇಳಿದ್ದರು. ರಾಮಾಂಜಿನಪ್ಪ ಅದೇ "ತ್ತ" ಎನ್ನುವ ಸದ್ದಿನಲ್ಲೇ ಇದ್ದ. ಒಂದು ಮಧ್ಯಾಹ್ನ ವನಮಾಲಾ ಅವನ ತಟ್ಟೆಗೆ ಸಾರು ಬಡಿಸುತ್ತಿದ್ದಳು.

"ಚಾಲು" ಎಂದ.

ಅವಳ ಕೈ ಗಾಳಿಯಲ್ಲೇ ನಿಂತಿತು. ಚಾಲು ಎಂದರೆ ಶುರುಮಾಡು, ನಡೆಯಲಿ ಎಂದಲ್ಲವೇ ಎಂದುಕೊಂಡು ಆನಂದದಿಂದ ಇನ್ನೊಂದು ಸೌಟು ಹಾಕಿದಳು. "ಚಾಲು" ಎಂದ ಮತ್ತೆ. ಮತ್ತೊಂದು ಸೌಟು. "ಚಾಲು, ಚಾಲು" ಎನ್ನುತ್ತ ಅವನು ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದ. ಸಾರು ತಟ್ಟೆಯ ಅಂಚು ದಾಟಿ ನೆಲಕ್ಕೆ ಹರಿಯಿತು. ಫೋನು ಮಾಡಿ ಕೇಳಿದಾಗ ಅಲಿವೇಲಮ್ಮ ಅಳುತ್ತ ನಗುತ್ತ ಹೇಳಿದಳು, "ಅಯ್ಯೋ ಪಿಚ್ಚಿ, ಹುಚ್ಚೀ, ಚಾಲು ಅಂದ್ರೆ ಸಾಕು ಅಂತ."

ಆಮೇಲೆ ಮಾತುಗಳು ಹನಿಯಾಗಿ, ಧಾರೆಯಾಗಿ ಬಂದವು. ಎಲ್ಲವೂ ತೆಲುಗು. ಕನ್ನಡದ ಒಂದು ಪದವೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅಲಿವೇಲಮ್ಮ ಬಟ್ಟೆಗಂಟು ಕಟ್ಟಿಕೊಂಡು ಬಂದು ಮನೆಯಲ್ಲೇ ಉಳಿದಳು. ಅಕ್ಕ ತಮ್ಮ ಇಬ್ಬರೂ ಹಜಾರದಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮಾತು ಅವಸರದಲ್ಲಿ ಒಂದರ ಮೇಲೊಂದು ಬೀಳುತ್ತಿತ್ತು. ಅಡುಗೆಮನೆಯಲ್ಲಿ ವನಮಾಲಾ ಪಕ್ಕದ ಮನೆಯವಳಂತೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ತನ್ನ ಹೆಸರು ಬಂದಾಗಲೆಲ್ಲ ಕಿವಿ ನಿಮಿರುತ್ತಿತ್ತು, ಹಿಂದೆ ಮುಂದೆ ಏನೆಂದು ತಿಳಿಯುತ್ತಿರಲಿಲ್ಲ. ಅವನಿಗೆ ಮಾತು ಬಂದದ್ದಕ್ಕೆ ದೇವರಿಗೆ ತುಪ್ಪದ ದೀಪ ಹಚ್ಚಿದವಳೇ, ದೀಪದ ಮುಂದೆ ಹೊಟ್ಟೆಕಿಚ್ಚಿನಿಂದ ಅತ್ತಳು.

"ಸರ್ ಚೆನ್ನಾಗಿ ಮಾತಾಡ್ತಾರಂತಲ್ಲ" ಎಂದ ಕೇಶವಮೂರ್ತಿ ಒಂದು ದಿನ, ಉಂಗುರದ ಕ್ಯಾಂಟೀನಿನಲ್ಲಿ.

"ಹೂಂ. ನನ್ನ ಹತ್ರ ಅಲ್ಲ" ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಮೈಕಿನಲ್ಲಿ ತಾನು ಕೊಟ್ಟ ಮಾತನ್ನು ಇನ್ನೂ ಶುರುವೇ ಮಾಡಿರಲಿಲ್ಲ.

ಅಂದು ಮನೆಗೆ ಬಂದವಳು ಕೈಕಾಲು ತೊಳೆದು ನೇರವಾಗಿ ಹಜಾರಕ್ಕೆ ಹೋಗಿ ಇಬ್ಬರ ನಡುವೆ ಚಾಪೆಯ ಮೇಲೆ ಕೂತಳು. "ಅಲಿವೇಲಕ್ಕ, ನನಗೂ ಕಲಿಸಿ."

ಕಲಿಯುವುದು ಸುಲಭವಾಗಲಿಲ್ಲ. ಅಲಿವೇಲಮ್ಮನಿಗೆ ಹೇಳಿಕೊಡಲು ಬರುತ್ತಿರಲಿಲ್ಲ, ಬರೀ ಮಾತಾಡಲು ಬರುತ್ತಿತ್ತು. ಹಾಗಾಗಿ ವನಮಾಲಾ ಅವಳ ಬಾಯಿಂದ ಬಿದ್ದದ್ದನ್ನು ಬಿದ್ದ ಹಾಗೆಯೇ ಎತ್ತಿಕೊಂಡಳು. ಕೇಳುತ್ತ ಕೇಳುತ್ತ ಇನ್ನೊಂದು ವಿಷಯ ಅವಳ ಅರಿವಿಗೆ ಬಂತು. ಗಂಡ ಬೇರೆ ಯಾರೋ ಆಗಿದ್ದ. ಕನ್ನಡದಲ್ಲಿ ಅವನು ಗಂಭೀರ ಮನುಷ್ಯ, ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ. ಈ ತೆಲುಗಿನವನು ಚೇಷ್ಟೆಗಾರ. ಅಕ್ಕನ ನಡಿಗೆಯನ್ನು ಅಣಕಿಸುತ್ತಿದ್ದ, ಎದುರುಮನೆಯವರಿಗೆ ಅಡ್ಡಹೆಸರು ಇಡುತ್ತಿದ್ದ, ಕಥೆ ಕಟ್ಟುತ್ತಿದ್ದ.

"ಇವರು ಹೀಗಿದ್ರಾ ಮೊದಲು?" ಎಂದು ಕೇಳಿದಳು ವನಮಾಲಾ.

ಅಲಿವೇಲಮ್ಮ ತಮ್ಮನ ಕಡೆ ತಿರುಗಿ ಏನೋ ಕೇಳಿದಳು. ಅವನು ಸ್ವಲ್ಪ ತಡೆದು, ಗಂಭೀರನಾಗಿ ಬಹಳ ಹೊತ್ತು ಹೇಳಿದ. ಅವಳು ಕನ್ನಡಕ್ಕೆ ತಂದಳು.

"ಇಸ್ಕೂಲಲ್ಲಿ ಮೇಷ್ಟ್ರು ಇವನ ಕನ್ನಡ ಕೇಳಿ ನಗಾಡ್ತಿದ್ರಂತೆ. ಅದಕ್ಕೇ ತೋಟದ ಬಾವಿ ಕಟ್ಟೆ ಮೇಲೆ ನಿಂತ್ಕಂಡು ಬಾವಿಯೊಳಕ್ಕೆ ಕನ್ನಡ ಕೂಗ್ತಿದ್ದನಂತೆ, ತಿರುಗಿ ಕೇಳಿಸ್ತದಲ್ಲ, ತಪ್ಪು ಗೊತ್ತಾಗ್ಲಿ ಅಂತ. ನಾವು ಹುಚ್ಚು ಹಿಡಿದಿದೆ ಅಂದ್ಕಂಡಿದ್ವಿ. ಆಮೇಲೆ ಒಂದೊಂದು ಮಾತನ್ನೂ ಒಳಗೇ ಒಂದ್ಸಲ ಅಂದ್ಕಂಡು ಸರಿ ಇದ್ದರೆ ಮಾತ್ರ ಆಚೆ ಬಿಡ್ತಿದ್ದನಂತೆ. ಬಸ್ ಸ್ಟ್ಯಾಂಡಲ್ಲೂ ಹಂಗೇ." ಅಲಿವೇಲಮ್ಮ ದನಿ ತಗ್ಗಿಸಿದಳು. "ನಿನ್ನ ಜೊತೆಗೂ ಹಂಗೇ ಅಂತೆ. ನೀನು ಓದಿದೋಳು, ನಗ್ತೀಯ ಅಂತ."

ವನಮಾಲಾ ಗಂಡನನ್ನೇ ನೋಡಿದಳು. ಇಷ್ಟು ವರ್ಷ ತಾನು ಮರುಳಾದ ಆ ಅಚ್ಚುಕಟ್ಟಾದ ಮಾತಿನ ಹಿಂದೆ ಒಬ್ಬ ಹೆದರಿದ ಹುಡುಗ ನಿಂತಿದ್ದ. ಹೇಳಬೇಕಾದದ್ದು ಬಹಳವಿತ್ತು, ಅವನು ಹೆದರಿದ್ದ ಕನ್ನಡದಲ್ಲೇ ಹೇಳಲು ಮನಸ್ಸು ಬರಲಿಲ್ಲ, ಇದ್ದ ತೆಲುಗಿನಲ್ಲಿ ಯಾವುದೂ ಹಿಡಿಸುವಂತಿರಲಿಲ್ಲ. ಅವಳು ಅವನ ಮೊಣಕಾಲ ಮೇಲೆ ಕೈಯಿಟ್ಟಳು. ಅವನು ಕೈಯ ಮೇಲೆ ಕೈಯಿಟ್ಟ.

ಮುಂಗಾರಿನ ಮೊದಲ ಮೋಡಗಳು ಬಯಲಿನ ಮೇಲೆ ಸುಳಿಯತೊಡಗಿದ್ದವು. ಅಂದು ಉಂಗುರದಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದಾಗ ಅಕ್ಕ ತಮ್ಮ ಊಟಕ್ಕೆ ಕೂತಿದ್ದರು. ವನಮಾಲಾ ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಚಪ್ಪಲಿ ಬಿಟ್ಟು, ಹೊಸಿಲಲ್ಲೇ ನಿಂತು, ಗಂಡನನ್ನು ನೋಡಿ ಸ್ಪಷ್ಟವಾಗಿ ಕೇಳಿದಳು:

"ಏಮಿರಾ, ಅನ್ನಂ ತಿಂಟಿವಾ?"

ಅಲಿವೇಲಮ್ಮನ ಕೈಯ ತುತ್ತು ತಟ್ಟೆಗೆ ಬಿತ್ತು. ಅಕ್ಕ ತಮ್ಮನಿಗೆ, ಗೆಳೆಯ ಗೆಳೆಯನಿಗೆ ಅನ್ನುವ ಮಾತು ಅದು. "ಏನೋ, ಊಟ ಮಾಡಿದೆಯೇನೋ" ಎಂದ ಹಾಗೆ. ಹೆಂಡತಿ ಗಂಡನಿಗೆ ಹಾಗೆ ಕೇಳುವುದುಂಟೇ! ಮದುವೆಯಾದ ದಿನದಿಂದ "ರೀ" ಎನ್ನುವುದನ್ನು ಬಿಟ್ಟು ಬೇರೆ ಕರೆಯದಿದ್ದ ವನಮಾಲಾ, ತಪ್ಪೇನಾಯಿತೆಂದು ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತ ನಿಂತಳು.

ರಾಮಾಂಜಿನಪ್ಪ ನಗಲು ಶುರುಮಾಡಿದ. ಕಾಯಿಲೆಯಾದಂದಿನಿಂದ ಅವನು ಹಾಗೆ ನಕ್ಕಿರಲಿಲ್ಲ; ಕಾಯಿಲೆಗೆ ಮೊದಲೂ ಅವಳೆದುರು ಹಾಗೆ ನಕ್ಕಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಗೋಡೆಗೆ ಒರಗಿ ನಕ್ಕ. ಉಸಿರು ಸಿಕ್ಕ ಮೇಲೆ ಎಡಗೈಯಿಂದ ಕಣ್ಣೊರೆಸಿಕೊಂಡು, ಪಕ್ಕದ ಮಣೆಯನ್ನು ತಟ್ಟಿ ಅವಳನ್ನು ಕರೆದ.

"ಮಳ್ಳಾ ಚೆಪ್ಪು" ಎಂದ.

ಇನ್ನೊಂದು ಸಲ ಹೇಳು. ಅದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ವನಮಾಲಾ ಹೋಗಿ ಅವನ ಪಕ್ಕ ಕೂತು, ಇನ್ನೊಂದು ಸಲ ಹೇಳಿದಳು.